ಮಾಗಿಯಲ್ಲಿ ಮಾವಿನ ವಾಸನೆ

ಭಾಗ್ಯಳ ಮೂಗಿಗೆ ಮಾವಿನಹಣ್ಣಿನ ವಾಸನೆ ಬಡಿದಾಗ ಶಾಲೆಯ ಅಂಗಳದಲ್ಲಿ ಮೈಕು 'ಹಲೋ ಹಲೋ' ಎನ್ನುತ್ತಿತ್ತು. ಹೊಸದುರ್ಗದಿಂದ ಆರೋಗ್ಯಾಧಿಕಾರಿ ಸಾಹೇಬರ ಜೀಪು ಹೊರಟಿದೆಯೆಂದು ಫೋನು ಬಂದು ಅರ್ಧ ಗಂಟೆಯಾಗಿತ್ತು. ಬಾಗೂರು ದಾಟಿದರೆ ಬಂದೇಬಿಟ್ಟ ಹಾಗೆ. ಬೆಳಗಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಆದರೂ ಮೂಗು ಮೂಗೇ. ಡಿಸೆಂಬರಿನಲ್ಲಿ ಮಾವಿನಮರ ಹೂವನ್ನೇ ಬಿಟ್ಟಿರುವುದಿಲ್ಲ, ಹಣ್ಣು ಎಲ್ಲಿಂದ ಬರಬೇಕು?

ಕುರಿಗಾರರ ಈ ಹಟ್ಟಿಯನ್ನು ಇವತ್ತು ತಂಬಾಕುಮುಕ್ತ ಗ್ರಾಮವೆಂದು ಘೋಷಿಸುವವರಿದ್ದರು. ಆಶಾ ಕಾರ್ಯಕರ್ತೆ ಭಾಗ್ಯ ಮೂರು ವರ್ಷ ಮನೆಮನೆ ತಿರುಗಿ, ಬೈಸಿಕೊಂಡು, ನಗೆಪಾಟಲಾಗಿ, ಕೊನೆಗೂ ಗೆದ್ದಿದ್ದಳು. ಅಂಗಡಿಯವನು ಬೀಡಿ, ಗುಟ್ಕಾ ಮಾರುವುದು ನಿಲ್ಲಿಸಿದ. ಹೆಂಗಸರು ಹೊಗೆಸೊಪ್ಪು ಬಿಟ್ಟರು. ಯಾರಿಗೂ ಬಗ್ಗದೆ ಉಳಿದವರು ತಿಮ್ಮರಾಯಪ್ಪ ಮತ್ತು ಅವನ ಎಂಟು ಜನ ಜೊತೆಗಾರರು. ಐವತ್ತು ವರ್ಷ ಕುರಿಯ ಹಿಂದೆ ನಡೆದ ಮುದುಕರು. ಒಬ್ಬ ಬೀಡಿ ಹಚ್ಚಿದರೆ ಅದೇ ಕಿಡಿಯಿಂದ ಒಂಬತ್ತೂ ಹೊತ್ತಿಕೊಳ್ಳಬೇಕು. ತಿಮ್ಮರಾಯಪ್ಪನ ಬಲಗಿವಿಯ ಸಂದಿಯಲ್ಲಿ ಬೀಡಿ ಇಲ್ಲದಿದ್ದುದನ್ನು ಅವನ ಹೆಂಡತಿ ಬರಗೇರಮ್ಮನೂ ಕಂಡಿರಲಿಲ್ಲ.

ಅಂಥವನು ಒಂದು ದಿನ ತಾನಾಗಿಯೇ ಕಂಬಳಿ ಹಾಸಿ, ಅದರ ಮೇಲೆ ಅಂಗೈ ಊರಿ, ಇನ್ನು ಬೀಡಿ ಮುಟ್ಟುವುದಿಲ್ಲ ಅಂದುಬಿಟ್ಟ. ಕಂಬಳಿ ಮುಟ್ಟಿ ಆಡಿದ ಮಾತಿಗೆ ಹಟ್ಟಿಯಲ್ಲಿ ಎರಡಿಲ್ಲ. ಉಳಿದ ಎಂಟು ಜನರೂ ಕೈಯಿಟ್ಟರು. ಅಂದಿನಿಂದ ಭಾಗ್ಯ ಶಾಲೆಯ ಜಗಲಿಯ ಕರಿಹಲಗೆಯ ಮೇಲೆ ದಿನ ಎಣಿಸಿ ಬರೆಯುತ್ತಿದ್ದಳು. ಇವತ್ತಿಗೆ ನೂರಹನ್ನೆರಡು.

ವಾಸನೆಯ ಜಾಡು ಹಿಡಿದು ಅವಳು ಶಾಲೆಯ ಹಿಂದಕ್ಕೆ ಹೋದಳು. ಹುಣಸೆಮರದ ಕೆಳಗೆ ಒಂಬತ್ತು ರುಮಾಲುಗಳು ದುಂಡಗೆ ಕುಳಿತಿದ್ದವು. ಅವರಲ್ಲೊಬ್ಬನಾದ ಕರಿಯಣ್ಣನ ಬಾಯಲ್ಲಿ ಬೆರಳುದ್ದದ ಹಳದಿ ಕೊಳವೆ. ಎಳೆದ, ತುದಿಯಲ್ಲಿ ನೀಲಿ ದೀಪ ಹತ್ತಿತು. ಬಾಯ್ತುಂಬ ಬಿಳಿಹೊಗೆ ಬಿಟ್ಟು ಪಕ್ಕದವನಿಗೆ ದಾಟಿಸಿದ.

"ಬಾ ತಾಯಿ, ಕುಂತ್ಕ," ಎಂದ ತಿಮ್ಮರಾಯಪ್ಪ ಗೆಲುವಿನಿಂದ. "ಸಾಹೇಬ್ರಿಗೆ ಇದ್ನೂ ತೋರ್ಸಾಣ ಅಂತಿದ್ದೆ. ನಮ್ಗೆ ಬೀಡಿ ಬಿಡ್ಸಿದ್ದೇ ಇದು."

"ಏನಜ್ಜ ಇದು?"

"ಆವಿ ಕಣವ್ವ. ಕೊರೋನಾದಾಗ ನೀನೇ ಹೇಳ್ಕೊಟ್ಟಿದ್ದಲ್ಲ, ದಿನಾ ಆವಿ ತಗಳ್ರಿ, ಎದೆ ಹಗುರಾಗ್ತೈತೆ ಅಂತ. ನನ್ ತಂಗಿ ಮಗ ದುರ್ಗೇಶ ಬೆಂಗ್ಳೂರಿಂದ ತಂದ್ಕೊಟ್ಟ. ಬೆಂಕಿ ಇಲ್ಲ, ಬೂದಿ ಇಲ್ಲ. ಮಾವಿನಣ್ಣಿನ ಆವಿ. ಒಂಬತ್ತು ಜನಕ್ಕೂ ಒಂದೇ ಸಾಕು."

ಭಾಗ್ಯಳಿಗೆ ನಗು ಉಕ್ಕಿತು, ಅರ್ಧದಲ್ಲೇ ಅದನ್ನು ನುಂಗಿಕೊಂಡಳು. ಪಾತ್ರೆಗೆ ನೀಲಗಿರಿ ಎಲೆ ಹಾಕಿ, ಮೇಲೆ ಕಂಬಳಿ ಹೊದಿಸಿ ಈ ಒಂಬತ್ತು ತಲೆಗಳನ್ನು ಬಗ್ಗಿಸಿದವಳು ಅವಳೇ. ಹೋದ ತಿಂಗಳ ತರಬೇತಿಯಲ್ಲಿ ಇಂಥದ್ದೇ ಇ-ಸಿಗರೇಟಿನ ಚಿತ್ರ ತೋರಿಸಿದ್ದರು. ಪಟ್ಟಣದ ಹುಡುಗರ ಶೋಕಿ, ನಮ್ಮ ಹಟ್ಟಿಗೇಕೆ ಎಂದು ಆಕಳಿಸುತ್ತ ಕುಳಿತಿದ್ದಳು. ಈಗ ಅನುಭವಿಸು ಎಂದು ತನ್ನನ್ನೇ ಬೈದುಕೊಂಡಳು.

"ಆವಿ ಅಲ್ಲಜ್ಜ ಇದು. ಬೀಡೀಲಿ ನಿಮ್ಮನ್ನ ಕಟ್ಟಾಕಿತ್ತಲ್ಲ ನಿಕೋಟಿನ್, ಅದೇ ಇದ್ರಾಗೂ ಐತೆ, ಹಣ್ಣಿನ ವಾಸ್ನೆ ಬೆರ್ಸವ್ರೆ. ಮಾರಂಗಿಲ್ಲ, ತರಿಸಂಗಿಲ್ಲ, ದಾಸ್ತಾನು ಇಡಂಗಿಲ್ಲ ಅಂತ ದೇಶಕ್ಕೇ ಕಾನೂನೈತೆ. ಇದಿಲ್ದೆ ಒಂದಿನ ಇದ್ದು ನೋಡಿದ್ರಾ?"

"ಹೋದ ವಾರ ಚಾರ್ಜು ಮುಗ್ದಾಗ ನಾನು ಟಗರಿನ ಸಂಗ್ಡ ಜಗ್ಳಕ್ಕೆ ನಿಂತಿದ್ದೆ," ಎಂದ ಕರಿಯಣ್ಣ ಮೆಲ್ಲಗೆ.

ತಿಮ್ಮರಾಯಪ್ಪ ಕೊಳವೆಯನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. "ಹಂಗಾದ್ರೆ ನಾನು ಬಿಟ್ಟೇ ಇಲ್ಲ. ಕಂಬ್ಳಿ ಮ್ಯಾಲೆ ಕೈ ಇಟ್ಟು ಸುಳ್ಳಾಡ್ದಂಗಾತು."

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಜೀಪಿನ ಹಾರನ್ನು ಕೇಳಿತು. ಮೂರು ವರ್ಷದ ಓಡಾಟ ನೆನೆದು ಭಾಗ್ಯ ಕೈ ಚಾಚಿದಳು. "ಅದ್ನ ನನ್ ಕೈಗೆ ಕೊಡ್ರಿ ಅಜ್ಜ," ಎಂದಳು ಅವಸರವಾಗಿ. "ಸಭೆ ಮುಗೀಲಿ. ಉಳಿದದ್ದು ನಾಳೆ ಮಾತಾಡಾಣ." ಹಾಗಂದ ಮೇಲೆ ಅವಳಿಗೇ ಮುಖ ಬಿಸಿಯಾಯಿತು. ತಿಮ್ಮರಾಯಪ್ಪ ಕೊಳವೆಯನ್ನು ತನ್ನ ಅಂಗಿಯ ಜೇಬಿಗೇ ಇಳಿಸಿದ.

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಬರಗೇರಮ್ಮ ಹೊಸ ಸೀರೆಯುಟ್ಟು ಗಂಡನನ್ನೇ ನೋಡುತ್ತಿದ್ದಳು. ತಾಲ್ಲೂಕು ಆರೋಗ್ಯಾಧಿಕಾರಿಗಳು ತಿಮ್ಮರಾಯಪ್ಪನನ್ನು ಮಾದರಿ ಪುರುಷನೆಂದು ಹೊಗಳಿ ಶಾಲು ಬಿಚ್ಚಿದರು. ಭಾಗ್ಯ ಕಂಬಕ್ಕೆ ಆತು ನಿಂತಿದ್ದಳು.

"ಶಾಲು ಮಡಚ್ರಿ ಸಾಹೇಬ್ರೆ," ಎಂದ ತಿಮ್ಮರಾಯಪ್ಪ. ಮೈಕು ಅವನ ದನಿಯನ್ನು ಊರಾಚೆಗೂ ಒಯ್ದಿತು. "ಬೀಡಿ ಬಿಟ್ಟೆ, ಇದ್ನ ಹಿಡ್ಕಂಡೆ. ಆವಿ ಅನ್ಕಂಡಿದ್ದೆ. ಈಗ ಗೊತ್ತಾತು, ಬೆಕ್ಕು ಹೋಗಿ ಹುಲಿ ಬಂದೈತೆ." ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

ಹಿಂದಿನಿಂದ ಯಾರೋ ನಕ್ಕರು. ಬರಗೇರಮ್ಮ ತಿರುಗಿ ನೋಡಿದಳು, ನಗು ನಿಂತಿತು.

ಅಧಿಕಾರಿಗಳು ಕೊಳವೆಯನ್ನು ಕಾಗದದಲ್ಲಿ ಸುತ್ತಿಕೊಂಡರು. ಎಲ್ಲಿಂದ ಬಂತೆಂದು ಕೇಳಿದರು.

"ದುರ್ಗೇಶಂಗೆ ನಾನೇ ಫೋನ್ ಹಚ್ತೀನಿ. ಯಾವ ಅಂಗ್ಡೀಲಿ ತಗಂಡ ಅಂತ ಅವ್ನ ಬಾಯಿಂದ್ಲೇ ಹೇಳಿಸ್ತೀನಿ."

"ಒಳ್ಳೇದು. ಆದ್ರೆ ಘೋಷಣೆ ಇವತ್ತು ಆಗಲ್ಲ ಯಜಮಾನ್ರೆ," ಎಂದರು ಅವರು.

"ಬ್ಯಾಡ ಬಿಡ್ರಿ. ಮತ್ತೆ ಬರ್ರಿ," ಎಂದವನೇ ಹೆಗಲ ಕಂಬಳಿ ತೆಗೆದು ವೇದಿಕೆಯ ಮುಂದೆ ಹಾಸಿದ. ಅಂಗೈ ಊರಿದ. "ಬೀಡಿನೂ ಇಲ್ಲ, ಇದೂ ಇಲ್ಲ. ಕರಿಯಾ, ಬಾರ್ಲೇ." ಕರಿಯಣ್ಣ ಎದ್ದ. ಒಬ್ಬರ ಹಿಂದೆ ಒಬ್ಬರು ಎಂಟೂ ಜನ ಬಂದು ಮಂಡಿಯೂರಿದರು. ಭಾಗ್ಯಳಿಗೆ ಸೋತೆನೆಂದು ಅಳು ಬರಬೇಕಿತ್ತು. ಅದರ ಬದಲು ಮೈಯೆಲ್ಲ ಜುಮ್ಮೆಂದು, ಶಾಲೆಯ ಹುಡುಗಿಯ ಹಾಗೆ ಕುಣಿದುಬಿಡಬೇಕೆನಿಸಿತು. ಓಡಿಬಂದು ಕಂಬಳಿಯ ಅಂಚಿನಲ್ಲಿ ತಾನೂ ಕೈಯಿಟ್ಟಳು.

ಬರಗೇರಮ್ಮ ಎದ್ದು ಜಗಲಿ ಹತ್ತಿದಳು. ಹೊಸ ಸೀರೆಯ ಸೆರಗಿನಿಂದಲೇ ನೂರಹನ್ನೆರಡನ್ನು ಒರೆಸಿದಳು. ಭಾಗ್ಯ ಸೀಮೆಸುಣ್ಣವನ್ನು ತಿಮ್ಮರಾಯಪ್ಪನ ಕೈಗೆ ಕೊಟ್ಟಳು. ಅವನಿಗೆ ಬರಹ ಬಾರದು. ಕುರಿ ಎಣಿಸುವಾಗ ಗೋಡೆಗೆ ಎಳೆಯುವಂತೆ ಹಲಗೆಯ ನಡುವೆ ಒಂದು ಗೀಟು ಎಳೆದ. ಹಿಂದೆ ಸರಿದು ಅದನ್ನು ನೋಡಿದ. ಆಮೇಲೆ ಉಳಿದ ತುಂಡನ್ನು ಮೆಲ್ಲಗೆ ಬಲಗಿವಿಯ ಸಂದಿಗೆ ಸಿಕ್ಕಿಸಿಕೊಂಡ.