ಕೆಂಪಯ್ಯ ಮಾಡಿಕೊಟ್ಟ ಮಂಚ

ಚಾಮರಾಜಪುರಂನ ಆ ಮನೆಯ ಮಹಡಿಗೆ ಗಗನ, ಪವಿತ್ರ ಇಬ್ಬರೂ ಬಾಡಿಗೆಗೆ ಬಂದು ಆರು ವರ್ಷ. ಗಂಡಸರಾದರೆ ಬೇಡ, ಹೆಣ್ಣುಮಕ್ಕಳಾದರೆ ತಂಟೆಯಿಲ್ಲ ಎಂದು ಕೆಳಗಿನ ಮನೆಯ ಅಂಬುಜಮ್ಮ ಕರೆದು ಮನೆ ಕೊಟ್ಟಿದ್ದರು. ಅವರ ಅಣ್ಣ ಕೆಂಪಯ್ಯ ಮರಗೆಲಸದವನು. ಪಾಪ, ಇಬ್ಬರೂ ಹೆದರದೆ ಒಟ್ಟಿಗೆ ಮಲಗಲಿ ಎಂದು ಹೊನ್ನೆ ಮರದಲ್ಲಿ, ಒಂದು ಮೊಳೆಯನ್ನೂ ಬಡಿಯದೆ, ಅಗಲವಾದ ಮಂಚ ಮಾಡಿಕೊಟ್ಟಿದ್ದ. ಊರಿನ ಕಣ್ಣು ಎಷ್ಟು ಕುರುಡು ನೋಡಿ! ಆ ಮಂಚದಲ್ಲಿ ಗಂಡ ಹೆಂಡಿರ ಹಾಗೆ ಬಾಳಿದವರನ್ನು ಬೀದಿಯೆಲ್ಲ ಅಕ್ಕತಂಗಿಯರಂತೆ ಎಂದು ಹೊಗಳಿತು.

ಅದೇ ಕೆಂಪಯ್ಯ ಭಾನುವಾರ ಮಧ್ಯಾಹ್ನ ತಂಗಿಯ ಮನೆಯ ಬಾಗಿಲು ರಿಪೇರಿಗೆ ಬಂದಿದ್ದ. ಅಂಬುಜಮ್ಮನ ಮಗ ಸ್ವರೂಪನ ಕೋಣೆಯ ಕದ ತಳ್ಳಿದರೆ, ಒಳಗೆ ಸ್ವರೂಪನೂ ಗೆಳೆಯ ನಿಶಾಂತನೂ ತಬ್ಬಿಕೊಂಡು ಮಲಗಿದ್ದರು. ನಿಶಾಂತ ಹಿತ್ತಲ ಗೋಡೆ ಹಾರಿ ತಪ್ಪಿಸಿಕೊಂಡ. ಸ್ವರೂಪ ಸಿಕ್ಕಿಬಿದ್ದ.

ಕೂಗು ಕೇಳಿ ಗಗನ ಮಹಡಿಯಿಂದ ಇಳಿದು ಬರುವ ಹೊತ್ತಿಗೆ ಸ್ವರೂಪನ ಬಾಯಿಂದ ರಕ್ತ ಸುರಿಯುತ್ತಿತ್ತು. ಉಳಿಗೆ ಬಡಿಯುವ ಮರದ ಕೊಡತಿಯಿಂದ ಕೆಂಪಯ್ಯ ಅವನ ಪಕ್ಕೆಗೆ ಬಡಿಯುತ್ತಿದ್ದ. ಅಂಬುಜಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದರು, ಬಿಡಿಸಲಿಲ್ಲ. ಸುಮ್ಮನಿರು, ಬಾಯಿಬಿಟ್ಟರೆ ನಮ್ಮ ಗತಿಯೂ ಇದೇ ಎಂದು ಪವಿತ್ರ ಮೆಟ್ಟಿಲ ಮೇಲಿಂದ ಗಗನಳ ತೋಳು ಹಿಡಿದು ಎಳೆದಳು. ಗಗನಳಿಗೂ ಜೀವ ಬಾಯಿಗೆ ಬಂದಿತ್ತು. ಆದರೆ ಇನ್ನು ನಾಲ್ಕು ಏಟು ಬಿದ್ದರೆ ಸ್ವರೂಪ ಉಳಿಯುತ್ತಿರಲಿಲ್ಲ.

"ಮಾವ, ಹೊಡೀಬೇಕು ಅಂದ್ರೆ ನಮ್ಮನ್ನೂ ಹೊಡೀರಿ. ಇವ್ನು ಹೆಂಗೋ ನಾವೂ ಹಂಗೇನೇ. ನೀವು ಮಾಡ್ಕೊಟ್ಟ ಮಂಚದಲ್ಲಿ ನಾವು ಗಂಡ ಹೆಂಡ್ತಿ ಥರ ಇದ್ದೀವಿ," ಎಂದಳು ಗಗನ.

ಕೆಂಪಯ್ಯ ಕೊಡತಿ ಇಳಿಸಿದ. ಇಬ್ಬರನ್ನೂ ನೋಡಿದ. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕ.

"ಓಗವ್ವ, ಮ್ಯಾಕೋಗು. ಎಣ್ಣೂ ಎಣ್ಣೂ ಸೇರಿ ಏನ್ ಮಾಡೀರಿ? ಒಂದ್ ತಾಳಿ ಬಿದ್ರೆ ಎಲ್ಲಾ ಸರಿ ಓಯ್ತದೆ. ಇವ್ನು ಗಂಡ್ಸಾಗಿ ನಮ್ಮ ಮಾನ ಕಳ್ದವ್ನೆ ಕಣಮ್ಮ."

ಮತ್ತೆ ಬಡಿದ. ಸ್ವರೂಪನ ಪಕ್ಕೆಲುಬು ಲಟಕ್ಕೆಂದಿತು.

ಆರು ವರ್ಷ ಹೆದರಿ ಹೆದರಿ ಮುಚ್ಚಿಟ್ಟ ಬಾಳು ಇವನಿಗೆ ಮಕ್ಕಳಾಟವೇ? ಗಗನಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಅವನ ಮಣಿಕಟ್ಟಿಗೆ ಹಲ್ಲು ಊರಿ ಕಚ್ಚಿದಳು. ಕೊಡತಿ ಬಿತ್ತು. ಅವನು ಬಗ್ಗಿ ನೆಲಕ್ಕೆ ಕೈಯಿಡುವಷ್ಟರಲ್ಲಿ ಅವಳೇ ಅದನ್ನು ಎತ್ತಿ, ಆ ಬಲಗೈಯ ಮೇಲೆ ಒಂದು, ಎರಡು, ಮೂರು ಏಟು ಹಾಕಿದಳು. ಮಂಚ ಮಾಡಿದ ಬೆರಳುಗಳು ಜಜ್ಜಿಹೋದವು.

ಪವಿತ್ರ ಸ್ವರೂಪನನ್ನು ಹೆಗಲಿಗೆ ಆನಿಸಿಕೊಂಡು ಆಟೋ ಕೂಗುತ್ತ ಹೊರಗೆ ನಡೆದಳು. ಅಂಬುಜಮ್ಮ ಈಗ ಓಡಿಬಂದರು, ಮಗನ ಕಡೆಗಲ್ಲ. ಅಣ್ಣನ ಕೈಯನ್ನು ಮಡಿಲಿಗೆ ತೆಗೆದುಕೊಂಡು, ಹೆಣ್ಣಾಗಿ ಹುಟ್ಟಿ ಇಂಥ ಕೆಲಸ ಮಾಡಿದೆಯಲ್ಲೇ ಎಂದು ಅತ್ತರು.

ಗಗನ ಕೊಡತಿ ಕೆಳಗಿಡಲಿಲ್ಲ. ಕೆಂಪಯ್ಯ ತಲೆಯೆತ್ತಿ, ಸ್ವರೂಪನನ್ನು ನೋಡಿದ್ದ ಕಣ್ಣಲ್ಲೇ ಅವಳನ್ನು ನೋಡಿದ. ಈಗ ಅವನಿಗೆ ಅವಳ ಮಾತಿನಲ್ಲಿ ನಂಬಿಕೆ ಬಂದಿತ್ತು.