ಸುಟ್ಟ ಬಟ್ಟೆಯ ಮೊಳೆ

ದರ್ಜಿಗೆ ಕೋಪ ಮೂಗಿನ ತುದಿಯಲ್ಲೇ. ಅದಕ್ಕೆ ಶಿಸ್ತು ಅನ್ನುವ ಒಳ್ಳೆಯ ಹೆಸರನ್ನು ಅವನೇ ಇಟ್ಟುಕೊಂಡಿದ್ದ. ಅಂಗಡಿಯಲ್ಲಿ ಯಾರಾದರೂ ಬಟ್ಟೆ ಕೆಡಿಸಿದರೆ ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಕೆಡಿಸಿದವರನ್ನು ಅದರ ಕೆಳಗೆ ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ಬಂದುಹೋಗುವ ಗಿರಾಕಿಗಳೆಲ್ಲ ನೋಡಬೇಕು! ಮಗಳಂತೂ ಆ ಸ್ಟೂಲಿನ ಮೇಲೆ ಕೂತೇ ಬೆಳೆದವಳು. "ನಾಚಿಕೆ ಆದ್ರೇನೇ ಬುದ್ಧಿ ಬರೋದು" ಎಂದು ಅವನು ಮೀಸೆ ತಿರುವುತ್ತಿದ್ದ.

ಹೋದ ವಾರ ಗಿರಾಕಿಯೊಬ್ಬರ ರೇಷ್ಮೆ ಅಂಗಿ ಸುಟ್ಟುಹೋಯಿತು. ಇಸ್ತ್ರಿ ಅತ್ತೆಯೇ ಸುಟ್ಟಿದ್ದು ಎಂದಳು ಮಗಳು. ಅಂಗಡಿಯಲ್ಲಿ ಇಸ್ತ್ರಿ ಮಾಡುವ ಹೆಂಗಸನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. "ನಾನು ಅದನ್ನ ಮುಟ್ಟೇ ಇಲ್ಲ, ಅಣ್ಣ" ಎಂದು ಆಕೆ ಬಡಕೊಂಡರೂ ದರ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂರುವುದಿಲ್ಲ ಅಂದದ್ದಕ್ಕೆ ಕೆಲಸದಿಂದಲೇ ಕಿತ್ತುಹಾಕಿದ.

ಇವತ್ತು ಗುಂಡಿ ಬಿಚ್ಚಿಕೊಳ್ಳೋಣವೆಂದು ಆ ಅಂಗಿಯನ್ನು ಮೇಜಿನ ಮೇಲೆ ಹರಡಿದ. ಸುಟ್ಟ ಗುರುತು ಅಂಗೈಯಷ್ಟೂ ಇರಲಿಲ್ಲ. ಆಕೆಯ ಇಸ್ತ್ರಿಪೆಟ್ಟಿಗೆ ದೊಡ್ಡದು. ಕಾಲರಿಗೆ ಬಳಸುವ ಚಿಕ್ಕ ಪೆಟ್ಟಿಗೆಯನ್ನು ಹಿಡಿಯುವುದು ಮಗಳೊಬ್ಬಳೇ. ಅದನ್ನು ತಂದು ಗುರುತಿನ ಮೇಲಿಟ್ಟ. ಸರಿಯಾಗಿ ಕೂತಿತು.

ಪಿತ್ತ ನೆತ್ತಿಗೇರಿತು. "ನಿನ್ನನ್ನ ಎತ್ತಿ ಆಡಿಸಿದವಳು ಕಣೇ ಅವಳು! ಅವಳ ಹೊಟ್ಟೆ ಮೇಲೆ ಹೊಡೆದ್ಯಲ್ಲ, ಅಯ್ಯೋ ಅನ್ನಿಸ್ಲಿಲ್ವಾ?"

ಮಗಳು ನಿಜಕ್ಕೂ ಯೋಚಿಸಿದಳು. "ಅಂಗಿ ಸುಟ್ಟಾಗ ನಂಗೆ ಸ್ಟೂಲ್ ಕಾಣಿಸ್ತು ಅಪ್ಪ. ಅತ್ತೆ ಕಾಣಿಸ್ಲೇ ಇಲ್ಲ."

ದರ್ಜಿ ಕತ್ತರಿಯನ್ನು ಮೇಜಿಗೆ ಕುಕ್ಕಿದ. ಇಂಥ ಕಲ್ಲುಹೃದಯದವಳು ತನಗೆ ಹೇಗೆ ಹುಟ್ಟಿದಳೋ!

"ನಡಿ, ಅವಳ ಮನೆಗೆ ಹೋಗಿ ತಪ್ಪಾಯ್ತು ಅನ್ನು."

"ಅಲ್ಲಿ ಯಾರ್ಯಾರು ನೋಡ್ತಾರೆ?"

"ಅವಳು ನೋಡ್ತಾಳೆ! ಸಾಲದಾ?"

ರೆಟ್ಟೆ ಹಿಡಿದು ಅವಳನ್ನು ಬೀದಿಗೆ ಎಳೆದು ತಂದ.

"ಯಾವ ಕಡೆ ಅಪ್ಪ?"

ದರ್ಜಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಆಕೆ ಅವನ ಅಂಗಡಿಯಲ್ಲಿ ದುಡಿದಿದ್ದಳು. ಸಂಜೆ ಚಪ್ಪಲಿ ಮೆಟ್ಟಿಕೊಂಡು ಯಾವ ಕಡೆ ಹೋಗುತ್ತಿದ್ದಳೆಂದು ಅವನು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಮಗಳು ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನ ಸಿಟ್ಟು ಇಳಿಯಲಿಲ್ಲ, ಆದರೆ ಅವಳ ರೆಟ್ಟೆ ಹಿಡಿದ ಕೈ ತಾನಾಗಿ ಸಡಿಲಾಯಿತು.