ನನ್ನ ಮುಳ್ಳು ಏಳದ ದಿನ

ನಾನೊಂದು ಬ್ಯಾಟರಿ ಚಾರ್ಜರ್. ಸುಸ್ತಾಗಿ ಬಂದ ಬೈಕಿನ ಬ್ಯಾಟರಿಗಳಿಗೆ ಕರೆಂಟು ಉಣ್ಣಿಸಿ ಎಬ್ಬಿಸಿ ಕಳಿಸುವುದು ನನ್ನ ಕಸುಬು. ನೋಡುವುದಕ್ಕೆ ಬರೀ ಒಂದು ತಗಡಿನ ಡಬ್ಬಿ. ಎತ್ತಲು ಹೋದಾಗಲೇ ಗೊತ್ತಾಗುವುದು, ಒಳಗೆ ರುಬ್ಬುಗುಂಡು ಕೂತಿದೆಯೇನೋ ಎನ್ನುವಷ್ಟು ಭಾರ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಂದಿಯಲ್ಲಿ, ಮೋಟಾರಿಗೆ ತಂತಿ ಸುತ್ತುವ ಇಮಾಮಸಾಬ ನದಾಫ ಎಂಬವರ ಕೈಯಲ್ಲಿ. ತಾಮ್ರದ ತಂತಿಯನ್ನು ಸುತ್ತು ಎಣಿಸುತ್ತ ಸುತ್ತುವಾಗ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಸಲಾಮು ಹೇಳಿದವರಿಗೂ ಹುಬ್ಬಿನಲ್ಲೇ ಉತ್ತರ. ನನ್ನನ್ನು ಸುತ್ತುವಾಗ ಒಮ್ಮೆ ಹೆಂಡತಿ ಚಹಕ್ಕೆ ಕರೆದು ಲೆಕ್ಕ ತಪ್ಪಿತು. ಬೈಯಲಿಲ್ಲ. ಚಹ ಕುಡಿದು, ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡಿದರು. ಸುರುಳಿಯ ಪಕ್ಕದಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳನ್ನು ಕೂರಿಸಿದರು. ಎದೆಯ ಮೇಲೆ ಗಾಜಿನ ಮೀಟರು, ಅದರೊಳಗೆ ಕರೆಂಟು ಹರಿದಾಗ ಏಳುವ ಒಂದು ತೆಳ್ಳನೆಯ ಮುಳ್ಳು. ಕೊನೆಗೆ ಎರಡು ವೈರು, ಅವುಗಳ ತುದಿಗೆ ಒಂದು ಕೆಂಪು, ಒಂದು ಕಪ್ಪು ಕ್ಲಿಪ್ಪು. ಮೊಸಳೆಯ ಹಾಗೆ ಹಲ್ಲುಳ್ಳ ಆ ಕ್ಲಿಪ್ಪುಗಳೇ ನನ್ನ ಬಾಯಿ.

ನನ್ನನ್ನು ಕೊಂಡವರು ರೋಣದ ಮೌನೇಶಪ್ಪ ಕಮ್ಮಾರ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದರು. ಕಂಡಕ್ಟರು ಲಗೇಜಿಗೆ ಟಿಕೀಟು ತೆಗೆಸಿ ಎಂದಾಗ, "ತೊಡಿ ಮ್ಯಾಗಿನ ಕೂಸಿಗೂ ಟಿಕೀಟ ತಗಸ್ತೀರೇನ್ರಿ?" ಎಂದರು. ಕಂಡಕ್ಟರು ನಕ್ಕು ಮುಂದೆ ಹೋದ. ನನಗೆ ಆ ಮಾತು ಈಗಲೂ ಇಷ್ಟ.

ಮೌನೇಶಪ್ಪನವರ ಹಿರಿಯರೆಲ್ಲ ಕುಲುಮೆಯಲ್ಲಿ ಕಬ್ಬಿಣ ಬಡಿದವರು. ತಿದಿ ಬಿಟ್ಟು ಬ್ಯಾಟರಿ ಹಿಡಿದವರಲ್ಲಿ ಇವರೇ ಮೊದಲಿಗರು. ಬಸ್ ಸ್ಟ್ಯಾಂಡಿನ ಎದುರಿಗೆ ಅವರದೊಂದು ಸಣ್ಣ ಅಂಗಡಿ. ಆಸಿಡ್ ಸಿಡಿದು ಲುಂಗಿಯ ತುಂಬ ಜರಡಿಯಂತೆ ತೂತು. ಬ್ಯಾಟರಿ ಚಾರ್ಜ್ ಆಗದಿದ್ದರೆ ಬೇರೆಯವರು ಮೊದಲು ನನ್ನ ಮುಚ್ಚಳ ಬಿಚ್ಚುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ. ಇವರು ಹಾಗಲ್ಲ. ಮೊದಲು ಗೋಡೆಯ ಸಾಕೆಟ್ಟು, ಆಮೇಲೆ ವೈರು, ಆಮೇಲೆ ಫ್ಯೂಜು, ಆಮೇಲೆ ಬ್ಯಾಟರಿಯ ನೀರು. ಎಲ್ಲ ಮುಗಿದ ಮೇಲೆ ನಾನು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ತನಕ ಸರದಿ ಬಂದದ್ದು ಎರಡೇ ಸಲ.

ಅವರ ಸೊಸೆ ಕಸ್ತೂರಿ ಅಂಗಡಿಗೆ ಮೊದಲು ಬಂದದ್ದು ಮಧ್ಯಾಹ್ನದ ಬುತ್ತಿ ತರಲು. ಗಂಡ ಲಾರಿ ಡ್ರೈವರು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮಾವ ಉಣ್ಣುವ ತನಕ ಸುಮ್ಮನೆ ಕೂರುವುದೇಕೆಂದು ಬ್ಯಾಟರಿಗಳಿಗೆ ಡಿಸ್ಟಿಲ್ಡ್ ನೀರು ಹಾಕಲು ಕಲಿತಳು. ಆಮೇಲೆ ಟೆಸ್ಟರ್ ಹಿಡಿದಳು, ಆಮೇಲೆ ಬೈಕಿನ ಸೀಟು ಬಿಚ್ಚಿ ಬ್ಯಾಟರಿ ಇಳಿಸಿದಳು. ಬೆಂಚಿನ ಕೆಳಗಿರುವ ನನಗೆ ಮೊದಲು ಪರಿಚಯವಾದದ್ದು ಅವಳ ಕಾಲುಂಗುರ. ಸೀರೆಗೂ ತೂತು ಬೀಳತೊಡಗಿದಾಗ ಮಾವನ ಹಳೆಯ ಅಂಗಿಯನ್ನು ಮೇಲೆ ತೊಟ್ಟುಕೊಂಡಳು. ಗಿರಾಕಿಗಳು ಮಾತ್ರ ಬೈಕಿನ ಕೀಲಿಯನ್ನು ಅವಳ ತಲೆಯ ಮೇಲಿಂದ ಮಾವನಿಗೇ ಚಾಚುತ್ತಿದ್ದರು. ಅವಳು ತಲೆ ತಗ್ಗಿಸಿ ದಾರಿ ಬಿಟ್ಟು, ಕೆಲಸ ಮಾತ್ರ ತಾನೇ ಮಾಡಿ ಮುಗಿಸುತ್ತಿದ್ದಳು. ಅವಳ ಬಗ್ಗೆ ನನಗೆ ಹೆಮ್ಮೆ ಶುರುವಾದದ್ದು ಆಗಲೇ.

ಆ ವರ್ಷ ದಸರೆಗೆ ಸ್ವಲ್ಪ ಮೊದಲು ಮೌನೇಶಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು, ಆದರೆ ದೃಷ್ಟಿ ಸರಿಹೋಗಲಿಲ್ಲ. ಕಪ್ಪು ಕನ್ನಡಕ ಹಾಕಿ ಮನೆಯಲ್ಲಿ ಕೂತರು. ಇನ್ನು ಸಣ್ಣ ಕೆಲಸ ಕಾಣುವುದಿಲ್ಲ, ಅಂಗಡಿ ಯಾರಿಗೆ ಎಂಬ ಮಾತು ಬಂತು. ಅವರ ತಮ್ಮನ ಮಗ ಶೇಖಪ್ಪ ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ಬಂಡಿಯ ಮೇಲೆ ಮೊಬೈಲ್ ಕವರು ಮಾರುತ್ತಿದ್ದ. ಅವನಿಗೆ ಒಂದು ಸೂರು ಬೇಕಿತ್ತು.

"ದೊಡ್ಡಪ್ಪ, ಹೆಣ್ಣಮಗಳ ಕೈಯಾಗ ಬ್ಯಾಟರಿ ಅಂಗಡಿ ನಡೀತೈತೇನು? ನನಗ ಕೊಡು, ಚಲೋ ನಡಸ್ತೀನಿ" ಎಂದು ಅವನು, ದೊಡ್ಡಪ್ಪ ಒಂದು ದಿನ ಅಂಗಡಿಗೆ ಬಂದಾಗ, ಅಲ್ಲೇ ನಿಂತು ಕೇಳಿದ.

"ಖಂಡೆಪೂಜಿ ಆಗಲಿ, ಬನ್ನಿ ಹಂಚಿದ ಮರುದಿನ ಹೇಳ್ತೀನಿ" ಎಂದರು ಮೌನೇಶಪ್ಪ. ಕಸ್ತೂರಿ ತಲೆಯೆತ್ತದೆ ಬ್ಯಾಟರಿಗೆ ನೀರು ಹಾಕುತ್ತಲೇ ಇದ್ದಳು. ಆದರೆ ನೀರು ತುಂಬಿ ಹೊರಗೆ ಚೆಲ್ಲಿದ್ದನ್ನು ನಾನು ನೋಡಿದೆ. ಅಂಗಡಿ ಹೋದರೆ ಅವಳಿಗೆ ಮತ್ತೆ ಒಲೆ, ನಾಲ್ಕು ಗೋಡೆ, ಲಾರಿಯ ದಾರಿ ಕಾಯುವುದು.

ಖಂಡೆಪೂಜೆಯ ದಿನ ಸಾಮಾನುಗಳನ್ನು ಪೂಜಿಸುವ ಸರದಿ ಮೊದಲ ಸಲ ಅವಳಿಗೇ ಬಂತು. ಪಾನಾ, ಇಕ್ಕಳ, ಸುತ್ತಿಗೆ ಎಲ್ಲ ತೊಳೆದು ಸಾಲಾಗಿ ಇಟ್ಟಳು. ನನಗಂತೂ ಮದುವಣಗಿತ್ತಿಯ ಸಿಂಗಾರ. ತಗಡಿಗೆ ವಿಭೂತಿಯ ಮೂರು ಗೆರೆ, ಮೀಟರಿಗೆ ಕುಂಕುಮ, ಕೊರಳಿಗೆ ಚೆಂಡುಹೂವು. ತೇಯ್ದ ಗಂಧದಲ್ಲಿ ವಿಭೂತಿ, ಕುಂಕುಮ ಕಲಸಿ ನನ್ನ ಮೈಯ ಒಂದು ಅಂಗುಲವನ್ನೂ ಬಿಡದೆ ಹಚ್ಚಿದಳು. "ನನ್ನ ಕೈ ಬಿಡಬ್ಯಾಡ" ಎಂದು ಮೆಲ್ಲಗೆ ಹೇಳಿ ನಮಸ್ಕಾರ ಮಾಡಿದಳು. ಎರಡು ದಿನ ನಮಗೆಲ್ಲ ರಜೆ.

ಹಬ್ಬ ಕಳೆದು ಬಾಗಿಲು ತೆಗೆದಾಗ ಐದು ಬ್ಯಾಟರಿಗಳು ಸಾಲು ಹಿಡಿದಿದ್ದವು. ಮೊದಲನೆಯದು ದನದ ದವಾಖಾನೆಯ ಕಂಪೌಂಡರ್ ಪಾಟೀಲರದು. ಅವರದು ಕಿಕ್ ಇಲ್ಲದ ಹೊಸ ಬೈಕು, ಬ್ಯಾಟರಿ ಇಲ್ಲದೆ ಮಿಸುಕುವುದಿಲ್ಲ. ಸಂಜೆಯೊಳಗೆ ಹಳ್ಳಿಗೆ ಹೋಗಿ ಒಂದು ಎಮ್ಮೆಗೆ ಇಂಜೆಕ್ಷನ್ ಕೊಡಬೇಕಂತೆ. ಅವರು ಚಹ ಕುಡಿಯುತ್ತ ಒಳಗೇ ಕೂತರು. ಅಷ್ಟರಲ್ಲಿ ಶೇಖಪ್ಪ ದೊಡ್ಡಪ್ಪನ ಕೈ ಹಿಡಿದು ಕರೆತಂದು ಬೆಂಚಿನ ಮೇಲೆ ಕೂರಿಸಿದ. ತೀರ್ಮಾನ ಹೇಳುವ ದಿನ ಅದೇ.

ಕಸ್ತೂರಿ ಕೆಂಪು ಕ್ಲಿಪ್ಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಕಚ್ಚಿಸಿ ಸ್ವಿಚ್ ಹಾಕಿದಳು. ನನ್ನ ಮುಳ್ಳು ಏಳಲಿಲ್ಲ.

ಬ್ಯಾಟರಿ ಬದಲಿಸಿದಳು. ಎರಡನೆಯದಕ್ಕೂ ಏಳಲಿಲ್ಲ, ಮೂರನೆಯದಕ್ಕೂ ಇಲ್ಲ. ನನಗೇನಾಗಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಏನು ಮಾಡಲಿ, ಹೇಳುವ ನಾಲಿಗೆಯನ್ನು ಇಮಾಮಸಾಬರು ಕೊಟ್ಟಿರಲಿಲ್ಲ.

ಶೇಖಪ್ಪ ಮುಂದೆ ಬಂದ. ನನ್ನ ಎರಡೂ ಕ್ಲಿಪ್ಪು ಹಿಡಿದು ಒಂದಕ್ಕೊಂದು ತಾಗಿಸಿದ. ಕಿಡಿ ಹಾರಿದರೆ ಚಾರ್ಜರ್ ಬದುಕಿದೆ ಎನ್ನುವುದು ಬಸ್ ಸ್ಟ್ಯಾಂಡಿನ ಶಾಸ್ತ್ರ. ಕಿಡಿ ಹಾರಲಿಲ್ಲ.

"ಸತ್ತೈತಿ ಬಿಡ್ರಿ ಇದು. ಡಯೋಡ್ ಸುಟ್ಟಿರಬೇಕು. ಗುಜರಿ ಬಂಡಿ ಇಲ್ಲೇ ಐತಿ, ಕರಕೊಂಡ ಬರ್ತೀನಿ" ಎಂದು ಹೊರಟೇ ಬಿಟ್ಟ. ಮೌನೇಶಪ್ಪ ನನ್ನ ಕಡೆಗೆ ಮುಖ ತಿರುಗಿಸಿದರು. ಕನ್ನಡಕದ ಹಿಂದೆ ಏನಿತ್ತೋ ನನಗೆ ಕಾಣಲಿಲ್ಲ.

ಕಸ್ತೂರಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಸಾಕೆಟ್ಟಿಗೆ ಟೆಸ್ಟರ್ ಚುಚ್ಚಿದಳು, ಟೆಸ್ಟರ್ ಉರಿಯಿತು. ವೈರನ್ನು ಗೇಣು ಗೇಣಾಗಿ ಮಡಚಿ ನೋಡಿದಳು; ತುಂಡಾಗಿರಲಿಲ್ಲ. ಫ್ಯೂಜು ತೆಗೆದು ಬೆಳಕಿಗೆ ಹಿಡಿದಳು. ಒಳಗಿನ ಎಳೆ ಗಟ್ಟಿಯಾಗಿತ್ತು. ಫ್ಯೂಜು ಮತ್ತೆ ಕೂರಿಸಿ, ಸ್ವಿಚ್ ಹಾಕಿ, ನೆಲಕ್ಕೆ ಕೂತು ನನ್ನ ತಗಡಿಗೆ ಕಿವಿ ಹಚ್ಚಿದಳು. ನಾನು ನನ್ನ ಪ್ರಾಣವನ್ನೆಲ್ಲ ಒಟ್ಟು ಮಾಡಿ ಗುಂಯ್ ಎಂದೆ.

"ಸತ್ತಿಲ್ರಿ ಇದು, ಉಸರಾಡಾಕತ್ತೈತಿ" ಎಂದಳು. ಕಂಪೌಂಡರು ಚಹದ ಲೋಟ ಕೆಳಗಿಟ್ಟು ಬಗ್ಗಿ ನೋಡಿದರು.

ಅವಳು ಇಂಡಿಕೇಟರಿನ ಹಳೆಯ ಬಲ್ಬು ತಂದಳು. ಅದರ ಎರಡು ವೈರನ್ನು ನನ್ನ ಕ್ಲಿಪ್ಪುಗಳ ಹಲ್ಲಿಗೆ ಸಿಕ್ಕಿಸಿದಳು. ಬಲ್ಬು ಕಪ್ಪಗೇ ಉಳಿಯಿತು. ಬೇರೆ ಯಾರಾದರೂ ಅಲ್ಲಿಗೆ ಕೈ ಚೆಲ್ಲುತ್ತಿದ್ದರು. ಅವಳು ಅದೇ ವೈರುಗಳನ್ನು ಎರಡು ಅಂಗುಲ ಹಿಂದಕ್ಕೆ, ಕ್ಲಿಪ್ಪಿಗೆ ನನ್ನ ವೈರು ಸೇರುವ ನಟ್ಟಿನ ಮೇಲೆ ಇಟ್ಟಳು. ಬಲ್ಬು ಝಗ್ ಎಂದು ಉರಿಯಿತು! ಕರೆಂಟು ಅಲ್ಲಿಯ ತನಕ ಬರುತ್ತಿದೆ, ಹಲ್ಲಿನ ತನಕ ಹೋಗುತ್ತಿಲ್ಲ. ಎರಡೇ ಅಂಗುಲದಲ್ಲಿ ಕಳ್ಳನನ್ನು ಕಟ್ಟಿ ಹಾಕಿದ ಆ ಜಾಣ್ಮೆಗೆ, ಕೈ ಇದ್ದಿದ್ದರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಕೆಂಪು ಕ್ಲಿಪ್ಪಿನ ಬಾಯಿ ಅಗಲಿಸಿ ಒಳಗೆ ನೋಡಿದಳು. ಹಲ್ಲುಗಳ ಸಂದಿಯಲ್ಲೆಲ್ಲ ಗಂಧ, ವಿಭೂತಿ, ಕುಂಕುಮ ಗಟ್ಟಿಯಾಗಿ ಒಣಗಿ ಗಾರೆಯಂತೆ ಹಿಡಿದಿತ್ತು. ಭಕ್ತಿ ಹೆಚ್ಚಾಗಿ ಅವಳು ನನ್ನ ಬಾಯಿಯನ್ನೇ ಮುಚ್ಚಿಬಿಟ್ಟಿದ್ದಳು. ಅವಳ ಮುಖ ಕೆಂಪೇರಿತು. ಬೆರಳಿನಿಂದ ಆ ಕುಂಕುಮ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಪಾಲಿಶ್ ಪೇಪರ್ ತಂದು ಹಲ್ಲು ಬೆಳ್ಳಗಾಗುವ ತನಕ ಉಜ್ಜಿದಳು. ಕ್ಲಿಪ್ಪು ಕಚ್ಚಿಸಿ ಸ್ವಿಚ್ ಹಾಕಿದಳು. ಮುಳ್ಳು ಎದ್ದು ನಿಂತಿತು, ನನ್ನ ದನಿ ದಪ್ಪವಾಯಿತು. ಹೊಟ್ಟೆಗೆ ಕೆಲಸ ಬಿದ್ದಾಗ ಬರುವ ಆ ದನಿ ಮೌನೇಶಪ್ಪನವರಿಗೆ ಗೊತ್ತು.

"ಹಿಡೀತಲ್ಲ! ಏನಾಗಿತ್ತವ್ವಾ?" ಎಂದು ಕೇಳಿದರು. ಶೇಖಪ್ಪ ಆಗಷ್ಟೇ ಗುಜರಿಯವನನ್ನು ಕರೆದುಕೊಂಡು ಬಾಗಿಲಿಗೆ ಬಂದಿದ್ದ.

ಅವಳು ಪಾಲಿಶ್ ಪೇಪರ್ ಮಡಚಿ ಕೆಳಗಿಟ್ಟಳು. ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಕಂಪೌಂಡರಿಗೆ ಎಮ್ಮೆಯ ಬಾಯಿ ಗೊತ್ತೇ ಹೊರತು ಚಾರ್ಜರಿನದು ಗೊತ್ತಿಲ್ಲ. ಡಯೋಡ್ ಹೋಗಿತ್ತು, ಹೊಸದು ಹಾಕಿದೆ ಎಂದಿದ್ದರೆ ಮುಗಿಯಿತು. ಎಲ್ಲರೂ ಭೇಷ್ ಎನ್ನುತ್ತಿದ್ದರು, ಅಂಗಡಿ ಅವಳದಾಗುತ್ತಿತ್ತು. ಹೇಳಿಬಿಡಲಿ ಎಂದು ನಾನೂ ಒಳಗೊಳಗೇ ಬಯಸಿದೆ. ಸುಳ್ಳು ಹೇಳುವುದಿಲ್ಲ.

"ಏನೂ ಆಗಿರಲಿಲ್ರಿ ಮಾವಾರ. ಪೂಜಿ ಮಾಡೂವಾಗ ಕ್ಲಿಪ್ಪಿನ ಬಾಯಾಗ ನಾನ ಗಂಧಾ ಮೆತ್ತಿದ್ನಿ. ನಂದ ತಪ್ಪು" ಎಂದಳು.

ಶೇಖಪ್ಪ ಬಾಗಿಲು ಹಿಡಿದುಕೊಂಡು ನಕ್ಕ. "ಕೇಳಿದೇನು ದೊಡ್ಡಪ್ಪ? ಇಂಥವರ ಕೈಯಾಗ ಅಂಗಡಿ ಕೊಡ್ತೀಯಂತ!"

ಮೌನೇಶಪ್ಪ ಕನ್ನಡಕ ಸರಿ ಮಾಡಿಕೊಂಡರು. "ನಾನೂ ಮೆತ್ತಿದ್ನ್ಯೋ ಶೇಖಪ್ಪ. ಅಂಗಡಿ ತಗದ ಮೊದಲನೇ ವರ್ಸ. ಒಂದ ಇಡೀ ದಿನಾ ಇದನ್ನ ಬಿಚ್ಚಿ ಜೋಡಿಸಿದೆ. ಗೊತ್ತಾದ ಮ್ಯಾಲ ನಾಚಿಕಿ ಬಂದು, ಡಯೋಡ್ ಸುಟ್ಟಿತ್ತು ಅಂತ ಗಿರಾಕಿಗೆ ಸುಳ್ಳ ಹೇಳಿದೆ. ಇವತ್ತಿನ ತನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ನಿಜ. ನನ್ನ ಸರದಿ ಬಂದ ಎರಡು ಸಲದಲ್ಲಿ ಅದೂ ಒಂದು. ಯಜಮಾನನ ಮರ್ಯಾದೆ ಎಂದು ನಿಮ್ಮಿಂದಲೂ ಮುಚ್ಚಿಟ್ಟಿದ್ದೆ.

"ನಾ ಒಂದ ದಿನಾ ತಗೊಂಡೆ, ಆಕಿ ಚಹಾ ಆರೂದರಾಗ ಹುಡುಕಿದ್ಲು. ನಾ ಮುಚ್ಚಿಟ್ಟೆ, ಆಕಿ ನಾಲ್ಕು ಮಂದ್ಯಾಗ ಹೇಳಿದ್ಲು" ಎನ್ನುತ್ತ ಉಡದಾರಕ್ಕೆ ಕಟ್ಟಿದ್ದ ಅಂಗಡಿಯ ಕೀಲಿಯನ್ನು ತಡವರಿಸಿ ಬಿಚ್ಚಿದರು. ಸೊಸೆಯ ಕೈಯನ್ನು ಹುಡುಕಿ ಅದರೊಳಗಿಟ್ಟರು. ಕಸ್ತೂರಿ ಅತ್ತಳು. ಗುಜರಿಯವನು ಇಲ್ಲಿ ತನಗೇನೂ ಸಿಗುವುದಿಲ್ಲವೆಂದು ಬಂಡಿ ತಿರುಗಿಸಿದ.

ಸಂಜೆ ಕಂಪೌಂಡರು ಬೈಕ್ ಹತ್ತಿ ಹೋದ ಮೇಲೆ ಅವಳು ಹೊರಗೆ ನಿಂತಿದ್ದ ಶೇಖಪ್ಪನನ್ನು ಕರೆದಳು. "ಬಂಡಿ ಬಿಸಿಲಾಗ ಯಾಕ ನಿಲ್ಲಸ್ತಿ? ನಾಳಿಂದ ನಮ್ಮ ಅಂಗಡಿ ನೆಳ್ಳಿಗೆ ತಂದು ಹಚ್ಚು" ಎಂದಳು. ಅವನು ತಲೆ ಕೆರೆದುಕೊಂಡ. ಮರುದಿನ ಬಂಡಿ ನೆರಳಿಗೆ ಬಂದಿತ್ತು.

ಈಗ ನನಗೂ ವಯಸ್ಸಾಗಿದೆ. ಬೆಂಚಿನ ಮೇಲೆ ಹಸಿರು ಕೆಂಪು ದೀಪ ಮಿಟುಕಿಸುವ ಹೊಸ ಚಾರ್ಜರ್ ಕೂತಿದೆ. ಬಲು ಬುದ್ಧಿವಂತ, ಪೂರ್ತಿ ಬರಿದಾದ ಬ್ಯಾಟರಿ ಕಂಡರೆ ಸತ್ತಿದೆಯೆಂದು ಮುಟ್ಟುವುದೇ ಇಲ್ಲ. ಅಂಥದು ಬಂದಾಗ ಕಸ್ತೂರಿ ಮೂಲೆಯಿಂದ ನನ್ನನ್ನು ಎಳೆಯುತ್ತಾಳೆ. ನನಗೆ ಅಷ್ಟು ಬುದ್ಧಿಯಿಲ್ಲ, ಯಾರೇ ಬಂದರೂ ಉಣ್ಣಿಸುವುದೊಂದೇ ಗೊತ್ತು. ಹತ್ತರಲ್ಲಿ ಮೂರಾದರೂ ಎದ್ದು ಕೂರುತ್ತವೆ. ಉಳಿದ ದಿನ ನಾನು ಮೂಲೆಯಲ್ಲಿ, ಮೌನೇಶಪ್ಪ ಬಾಗಿಲ ಬಳಿಯ ಬೆಂಚಿನ ಮೇಲೆ. ಅವರಿಗೆ ಈಗ ಮಸುಕು ಮಸುಕಾಗಿ ಕಾಣುತ್ತದೆ.

ಮೊನ್ನೆ ಹೊಸಬನೊಬ್ಬ ಬೈಕು ತಳ್ಳಿಕೊಂಡು ಬಂದ. ಬೋರ್ಡು ಓದಿ, ಬೈಕಿನ ಕೀಲಿಯನ್ನು ಮೌನೇಶಪ್ಪನವರಿಗೆ ಚಾಚಿ, "ಮಿಸ್ತ್ರಿ ನೀವ ಏನ್ರಿ?" ಎಂದು ಕೇಳಿದ.

ಅವರು ಕೀಲಿ ಮುಟ್ಟಲಿಲ್ಲ. "ಮಿಸ್ತ್ರಿ ಒಳಗ ಅದಾಳ, ಹೋಗ್ರಿ" ಎಂದರು. "ನಾ ಬರೇ ಆಕೀ ಮಾವ."